ಹಳೆಯ ಮಿಲ್ಲಿಂಗ್ ಮಷೀನಿನ ದೋಷ ಮತ್ತು ಮಾರುವವನ ಮೌನ

ಮಿಲ್ಲಿಂಗ್ ಮಷೀನು ಎಲ್ಲ ಕಡೆಯೂ ಒಂದೇ ಸಮನಾಗಿ ಸವೆಯುವುದಿಲ್ಲ. ಕೆಲಸವೆಲ್ಲ ಟೇಬಲ್ಲಿನ ನಡುಭಾಗದಲ್ಲೇ ನಡೆಯುವುದರಿಂದ ಲೀಡ್ ಸ್ಕ್ರೂ ಮತ್ತು ಸ್ಲೈಡುಗಳು ನಡುವೆ ತಿಂದುಹೋಗಿರುತ್ತವೆ, ತುದಿಗಳಲ್ಲಿ ಹೊಸದರಂತೆಯೇ ಉಳಿದಿರುತ್ತವೆ. ಸ್ಲೈಡಿನ ಸಡಿಲ ತೆಗೆಯುವ ಜಿಬ್ ಪಟ್ಟಿಯನ್ನು ಬಿಗಿ ಮಾಡಿದರೆ ನಡುವೆ ಟೇಬಲ್ಲು ಗಟ್ಟಿಯಾಗಿರುವಂತೆ ತೋರುತ್ತದೆ. ತುದಿಯವರೆಗೆ ಹ್ಯಾಂಡಲ್ ತಿರುಗಿಸಿದವರಿಗೆ ಮಾತ್ರ ಅದು ಹಿಡಿದುಕೊಳ್ಳುವುದು ತಿಳಿಯುತ್ತದೆ. ಸ್ಪಿಂಡಲ್ಲಿನ ಬೇರಿಂಗ್ ಹೋಗಿದ್ದರೂ ಮಷೀನು ತಣ್ಣಗಿರುವಾಗ ಅದರ ಸದ್ದು ಕೇಳಿಸದೆ ಇರಬಹುದು. ಗೇರ್‌ಬಾಕ್ಸಿಗೆ ಮಂದ ಎಣ್ಣೆ ಹಾಕಿದರೆ ಇದ್ದ ಸದ್ದೂ ಅಡಗುತ್ತದೆ. ಇದರ ಮೇಲೊಂದು ಕೋಟ್ ಪೇಂಟ್ ಹೊಡೆದರೆ ಬಿರುಕಿಗೆ ಹಾಕಿದ ಬೆಸುಗೆಯೂ ಕಣ್ಣಿಗೆ ಬೀಳುವುದಿಲ್ಲ. ಬೆಂಗಳೂರಿನ ಪೀಣ್ಯದಂಥ ಕಡೆ ಹಳೆಯ ಎಚ್‌ಎಂಟಿ ಮಷೀನೊಂದು ಕೈ ಬದಲಾಗುವಾಗ ಇಂಥ ಸಂಗತಿಗಳು ಮಾರುವವನಿಗೆ ಗೊತ್ತಿರುತ್ತವೆ, ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದುದನ್ನು ಕೇಳದೆಯೇ ಹೇಳಬೇಕೆ ಎಂಬುದು ವ್ಯಾಪಾರದ ಪ್ರಶ್ನೆಯಾಗುವ ಮೊದಲು ಧರ್ಮದ ಪ್ರಶ್ನೆ.

ಈ ಪ್ರಶ್ನೆಗೆ ಬಹಳ ಹಳೆಯ ಚರ್ಚೆಯಿದೆ. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಕರ್ತವ್ಯಗಳ ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಇಬ್ಬರು ಸ್ಟೋಯಿಕ್ ದಾರ್ಶನಿಕರ ವಾದವನ್ನು ಎದುರುಬದುರು ಇಡುತ್ತಾನೆ. ಮಾರಾಟಕ್ಕಿರುವುದು ಒಂದು ಮನೆ. ಅದರ ಕೋಣೆಗಳಲ್ಲಿ ಹಾವು ಬರುತ್ತದೆ, ಮರಮುಟ್ಟು ಹಾಳಾಗಿದೆ, ಇದು ಯಜಮಾನನಿಗೆ ಮಾತ್ರ ಗೊತ್ತು. ಬ್ಯಾಬಿಲೋನಿನ ಡಯೋಜಿನಿಸನ ಪ್ರಕಾರ ಹೇಳದಿರುವುದೇ ಬೇರೆ, ಬಚ್ಚಿಡುವುದೇ ಬೇರೆ. ಕೊಳ್ಳುವವನನ್ನು ಯಾರೂ ಬಲವಂತ ಮಾಡಿಲ್ಲ, ಅವನ ಕಣ್ಣು ಅವನಿಗಿದೆ. ಡಯೋಜಿನಿಸನ ಶಿಷ್ಯ ಆಂಟಿಪೇಟರನ ಪ್ರಕಾರ ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ಇಲ್ಲಿ ತಿಳಿದೂ ತಿಳಿದೂ ಇನ್ನೊಬ್ಬನನ್ನು ತಪ್ಪಿಗೆ ನೂಕಲಾಗುತ್ತದೆ. ಸಿಸೆರೊ ಶಿಷ್ಯನ ಪಕ್ಷ ವಹಿಸುತ್ತಾನೆ. ತಿಳಿದರೆ ಯಾರಿಗೆ ಪ್ರಯೋಜನವೋ ಅವರಿಗೇ, ತನ್ನ ಲಾಭಕ್ಕಾಗಿ, ವಿಷಯ ತಿಳಿಯದಿರಲಿ ಎಂದು ಬಯಸುವುದನ್ನೇ ಅವನು ಬಚ್ಚಿಡುವುದು ಎನ್ನುತ್ತಾನೆ. ಮೌನದ ದೋಷ ಬಾಯಿಯಲ್ಲಿಲ್ಲ, ಉದ್ದೇಶದಲ್ಲಿದೆ ಎಂಬ ಈ ನಿಲುವು ಇಂದಿಗೂ ಗಟ್ಟಿಯಾದದ್ದು.

ಜೈನ ಶಾಸ್ತ್ರ ಇದನ್ನು ಇನ್ನೊಂದು ಕಡೆಯಿಂದ ನೋಡುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ‘ಪ್ರತಿರೂಪಕ ವ್ಯವಹಾರ’, ಅಂದರೆ ಒಂದನ್ನು ಇನ್ನೊಂದರಂತೆ ತೋರಿಸಿ ಮಾರುವುದು, ತೂಕ ಅಳತೆಗಳ ಮೋಸದ ಜೊತೆಗೇ ಬರುತ್ತದೆ. ಎರಡೂ ಸತ್ಯವ್ರತದ ಅತಿಚಾರಗಳ, ಅಂದರೆ ವ್ರತವನ್ನು ಮೀರುವ ದೋಷಗಳ, ಪಟ್ಟಿಯಲ್ಲಿಲ್ಲ, ಅಚೌರ್ಯವ್ರತದ ಪಟ್ಟಿಯಲ್ಲಿವೆ. ಪೇಂಟಿನ ಕೆಳಗೆ ಬೆಸುಗೆಯನ್ನು ಮುಚ್ಚಿದವನು ಒಂದೂ ಸುಳ್ಳು ಮಾತು ಆಡದೆ ಇರಬಹುದು, ಆದರೂ ಕೊಳ್ಳುವವನ ಹಣದಲ್ಲಿ ಒಂದು ಪಾಲನ್ನು ಕದ್ದಿದ್ದಾನೆ. ‘ನಾನು ಸುಳ್ಳು ಹೇಳಲಿಲ್ಲವಲ್ಲ’ ಎಂಬ ಸಮಾಧಾನಕ್ಕೆ ಈ ವರ್ಗೀಕರಣ ಎಡೆಯನ್ನೇ ಕೊಡುವುದಿಲ್ಲ.

ಸಹೀಹ್ ಮುಸ್ಲಿಂ ಹದೀಸ್ ಸಂಗ್ರಹದಲ್ಲಿ ಒಂದು ಪ್ರಸಂಗವಿದೆ. ಪ್ರವಾದಿಯವರು ಮಾರಾಟಕ್ಕಿದ್ದ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗಲುತ್ತದೆ. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳುತ್ತಾನೆ. ಹಾಗಿದ್ದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂಬುದು ಪ್ರವಾದಿಯವರ ಪ್ರಶ್ನೆ. ಧಾನ್ಯ ನೆನೆದದ್ದು ವ್ಯಾಪಾರಿಯ ತಪ್ಪಲ್ಲ, ಮಾರಬಾರದೆಂದೂ ಅವನಿಗೆ ಹೇಳಲಿಲ್ಲ. ತಪ್ಪು ಇದ್ದದ್ದು ಒಣಗಿದ್ದನ್ನು ಮೇಲಿಟ್ಟ ಜೋಡಣೆಯಲ್ಲಿ. ರಿಪೇರಿ ಬೇಕಾದ ಯಂತ್ರವನ್ನು ಮಾರುವುದರಲ್ಲಿ ದೋಷವಿಲ್ಲ ಎಂಬುದೂ ಇದರಿಂದಲೇ ಸ್ಪಷ್ಟವಾಗುತ್ತದೆ.

ಕರ್ನಾಟಕದ ನೆಲದಲ್ಲಿ ಈ ವಿಷಯಕ್ಕೆ ದೊಡ್ಡ ಆಧಾರವಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದನು. ಆ ಸ್ಮೃತಿಯ ವ್ಯವಹಾರಾಧ್ಯಾಯದ ಪ್ರಕಾರ ದೋಷವಿರುವುದನ್ನು ದೋಷವಿಲ್ಲದ್ದೆಂದು ಮಾರಿದವನಿಗೆ ಬೆಲೆಯ ಎರಡರಷ್ಟು ದಂಡ. ಕೊಂಡ ವಸ್ತುವನ್ನು ಪರೀಕ್ಷಿಸಲು ಅಲ್ಲಿ ಅವಧಿಗಳೂ ಇವೆ: ಬೀಜಕ್ಕೆ 10 ದಿನ, ಹೊರೆ ಹೊರುವ ಪ್ರಾಣಿಗೆ 5 ದಿನ, ರತ್ನಕ್ಕೆ 7 ದಿನ, ಹಾಲು ಕೊಡುವ ಪ್ರಾಣಿಗೆ 3 ದಿನ, ಕಬ್ಬಿಣಕ್ಕೆ 1 ದಿನ. ಕೊಳ್ಳುವವನ ಚಾತುರ್ಯವನ್ನು ನೋಡಿ ಇಟ್ಟ ಅವಧಿಗಳಲ್ಲ ಇವು. ದೋಷ ಹೊರಬೀಳಲು ಬೇಕಾಗುವ ಸಮಯವನ್ನು ನೋಡಿ ಇಟ್ಟಂತಿವೆ. ಬೀಜ ಮೊಳೆಯಬೇಕು, ಹಸು ಕೆಲವು ಹೊತ್ತು ಕರೆಯಬೇಕು. ಮಿಲ್ಲಿಂಗ್ ಮಷೀನು ಕಬ್ಬಿಣದ್ದೇ ಆದರೂ ಈ ತರ್ಕದಲ್ಲಿ ಎತ್ತಿನ ಗುಂಪಿಗೆ ಸೇರುತ್ತದೆ. ನಿಂತಲ್ಲಿ ನೋಡಿದರೆ ಅದರ ಗುಣ ತಿಳಿಯುವುದಿಲ್ಲ, ದುಡಿಸಿದರೆ ಮಾತ್ರ ತಿಳಿಯುತ್ತದೆ. ಆದ್ದರಿಂದ ಕರೆಂಟ್ ಕೊಟ್ಟು, ಸ್ಪಿಂಡಲ್ ಬಿಸಿಯಾಗುವವರೆಗೆ ಓಡಿಸಿ, ಡಯಲ್ ಗೇಜ್ ಇಟ್ಟು, ಒಂದು ಕಟ್ ಹಾಕಿ ನೋಡಲು ಬಿಡುವುದು ಮಾರುವವನ ಔದಾರ್ಯವಲ್ಲ, ಕೊಳ್ಳುವವನಿಗೆ ಸಲ್ಲಬೇಕಾದದ್ದು.

ಇಂದಿನ ಕಾನೂನು ಇಷ್ಟು ಕೇಳುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನಂತೆ, ಮಾತಾಡುವ ಕರ್ತವ್ಯವೇ ಇರುವ ಅಥವಾ ಮೌನವೇ ಮಾತಿಗೆ ಸಮನಾಗುವ ಸಂದರ್ಭಗಳನ್ನು ಬಿಟ್ಟರೆ, ಬರಿಯ ಮೌನ ವಂಚನೆಯಲ್ಲ. ಕಾಯ್ದೆ ಕೊಡುವ ಉದಾಹರಣೆ ಹರಾಜಿನ ಕುದುರೆ: ಅದು ಅಸ್ವಸ್ಥವೆಂದು ಗೊತ್ತಿದ್ದೂ ಮಾರುವವನು ಸುಮ್ಮನಿದ್ದರೆ ವಂಚನೆಯಲ್ಲ, ಕೊಳ್ಳುವವಳು ಆಗತಾನೆ ಪ್ರಾಯಕ್ಕೆ ಬಂದ ಅವನ ಮಗಳಾದರೆ ಹೇಳುವುದು ಅವನ ಕರ್ತವ್ಯ. ಕಾನೂನಿಗೆ ಮಗಳ ಬಳಿ ಕಂಡ ಕರ್ತವ್ಯ ಅಪರಿಚಿತನ ಬಳಿ ಕಾಣುವುದಿಲ್ಲ. ಧರ್ಮವಿಚಾರ ಈ ಗೆರೆಯಲ್ಲಿ ನಿಲ್ಲಲಾರದು.

‘ಇದ್ದದ್ದು ಇದ್ದಂತೆ’ ಎಂಬ ಷರತ್ತು ಎಲ್ಲವನ್ನೂ ತೀರಿಸುತ್ತದೆ ಎಂಬ ನಂಬಿಕೆ ಇದೆ. ಅರ್ಧ ಮಾತ್ರ ನಿಜ. ಯಾರಿಗೂ ಗೊತ್ತಿಲ್ಲದ ದೋಷದ ಹೊಣೆಯನ್ನು ಆ ಷರತ್ತು ನ್ಯಾಯವಾಗಿಯೇ ಕೊಳ್ಳುವವನಿಗೆ ದಾಟಿಸಬಹುದು, ಬೆಲೆ ಅದಕ್ಕೆ ತಕ್ಕಂತೆ ಇಳಿದಿದ್ದರೆ. ಗೊತ್ತಿರುವ ದೋಷವನ್ನು ಅದು ದಾಟಿಸಲಾರದು. ‘ಸ್ವಲ್ಪ ರಿಪೇರಿ ಇದೆ’ ಎಂಬ ಮಾತಿನ ತೊಡಕೂ ಇದೇ. ಮೋಟಾರಿನ ವೈರಿಂಗ್ ಬದಲಾಯಿಸುವುದೂ ರಿಪೇರಿ, ಸ್ಲೈಡುಗಳನ್ನು ಮತ್ತೆ ಸ್ಕ್ರೇಪಿಂಗ್ ಮಾಡಿಸುವುದೂ ರಿಪೇರಿ. ಮೊದಲನೆಯದು ಒಂದು ದಿನದ ಕೆಲಸ, ಎರಡನೆಯದಕ್ಕೆ ಕೊಟ್ಟ ಬೆಲೆಗಿಂತ ಹೆಚ್ಚು ಖರ್ಚಾಗಬಹುದು. ಎರಡನೆಯದು ಗೊತ್ತಿದ್ದವನು ಮೊದಲನೆಯದನ್ನು ಊಹಿಸಲು ಬಿಟ್ಟರೆ, ಅವನ ಅರ್ಧಸತ್ಯ ಪೂರ್ತಿ ಮೌನಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಸುಮ್ಮನಿದ್ದವನ ಎದುರು ಕೊಳ್ಳುವವನು ಎಚ್ಚರದಲ್ಲಿರುತ್ತಾನೆ. ಇಷ್ಟು ಹೇಳಿದವನನ್ನು ನಂಬಿಬಿಡುತ್ತಾನೆ.

ಹದಿಮೂರನೆಯ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಇಲ್ಲಿ ಉಪಯುಕ್ತವಾದ ಗೆರೆಯೊಂದನ್ನು ಎಳೆಯುತ್ತಾನೆ. ಒಕ್ಕಣ್ಣಿನ ಕುದುರೆಯ ದೋಷ ಎಲ್ಲರಿಗೂ ಕಾಣುತ್ತದೆ; ಬೆಲೆ ಇಳಿಸಿದ್ದರೆ ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕಾಣದ ದೋಷ ನಷ್ಟವನ್ನೋ ಅಪಾಯವನ್ನೋ ತರುವಂತಿದ್ದರೆ ಹೇಳಲೇಬೇಕು. ಮಷೀನಿನ ವಿಷಯದಲ್ಲಿ ‘ಅಪಾಯ’ ಎಂಬ ಮಾತಿಗೆ ಹೆಚ್ಚಿನ ತೂಕವಿದೆ. ಸ್ಕ್ರೂ ಮತ್ತು ನಟ್ಟಿನ ನಡುವೆ ಪ್ಲೇ ಹೆಚ್ಚಾಗಿರುವಾಗ, ಕಟ್ಟರ್ ತಿರುಗುವ ದಿಕ್ಕಿಗೇ ಟೇಬಲ್ ಫೀಡ್ ಕೊಟ್ಟರೆ, ಕಟ್ಟರ್ ಜಾಬನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಕಟ್ಟರ್ ಒಡೆದು ಚೂರು ಹಾರಬಹುದು. ಎದುರಿಗೆ ನಿಂತಿರುವವನು ಕೊಂಡ ಮಾಲೀಕನಲ್ಲ, ದಿನಗೂಲಿಯ ಆಪರೇಟರ್. ಚೌಕಾಶಿಯಲ್ಲಿ ಅವನು ಇರಲಿಲ್ಲ, ಯಾವ ಷರತ್ತಿಗೂ ಒಪ್ಪಿರಲಿಲ್ಲ. ಅಗ್ಗವಾಗಿ ಕೊಟ್ಟೆ ಎಂಬ ಉತ್ತರ ಮಾಲೀಕನಿಗೆ ಸಲ್ಲಬಹುದು, ಆಪರೇಟರನಿಗೆ ಸಲ್ಲುವುದಿಲ್ಲ.

ಮಾರುವವನಿಗೇ ತಿಳಿಯದ ದೋಷದ ಬಗ್ಗೆ ಅಕ್ವಿನಾಸನ ನಿಲುವು ಹೀಗಿದೆ: ತಿಳಿಯದೆ ಮಾರಿದ್ದು ಪಾಪವಲ್ಲ, ಆದರೆ ತಿಳಿದ ಮೇಲೆ ನಷ್ಟ ತುಂಬಿಕೊಡಬೇಕು. ಇದೇ ನಿಯಮವನ್ನು ಅವನು ಕೊಳ್ಳುವವನಿಗೂ ಅನ್ವಯಿಸುತ್ತಾನೆ. ಹಿತ್ತಾಳೆಯೆಂದು ಭಾವಿಸಿ ಚಿನ್ನ ಮಾರುವವನಿಂದ ಗೊತ್ತಿದ್ದೂ ಕೊಂಡವನು ಅದನ್ನು ಹಿಂದಿರುಗಿಸಬೇಕು. ಗಂಡನ ವರ್ಕ್‌ಶಾಪನ್ನು ಅವನ ಕಾಲಾನಂತರ ಗುಜರಿ ದರಕ್ಕೆ ತೂಗಿಸುತ್ತಿರುವ ಹೆಂಗಸಿನ ಬಳಿ, ಮೂಲೆಯ ಪೆಟ್ಟಿಗೆಯಲ್ಲಿರುವುದು ಸುಸ್ಥಿತಿಯ ಡಿವೈಡಿಂಗ್ ಹೆಡ್ ಎಂದು ಗುರುತಿಸಿಯೂ ಕಿಲೋ ಲೆಕ್ಕದಲ್ಲಿ ಒಯ್ಯುವ ವ್ಯಾಪಾರಿ ಈ ನಿಯಮದೊಳಗೇ ಬರುತ್ತಾನೆ.