ಹಂಚು

ಏಪ್ರಿಲ್ 10ಕ್ಕೆ ಫಲಿತಾಂಶ ಓದಿ ಮಕ್ಕಳನ್ನು ಮನೆಗೆ ಕಳಿಸಿದೆವು. ಮರುದಿನ ಬೀಗದ ಕೈ ಒಪ್ಪಿಸಲು ಹೋದಾಗ ನನ್ನ ಕೋಣೆಯ ಸೂರಿನ ಮೇಲೆ ಜನ ಹತ್ತಿದ್ದರು. ಕೋಣೆ ಶಿಥಿಲವಾಗಿದೆ, ಕೆಡವಬೇಕು ಎಂಬುದು ಮೊದಲೇ ತೀರ್ಮಾನವಾಗಿತ್ತು. ರಜೆ ಬರಲೆಂದು ಕಾದಿದ್ದರು ಅಷ್ಟೆ. ಮೇಲಿನವನು ಹಂಚು ಕಿತ್ತು ಏಣಿಯ ಮೇಲಿದ್ದವನಿಗೆ ಕೊಟ್ಟರೆ, ಅವನು ನೆಲದ ಮೇಲಿದ್ದವನಿಗೆ ದಾಟಿಸುತ್ತಿದ್ದ. ಇಡಿಯಾಗಿ ಬಂದದ್ದು ಗೋಡೆಯ ಪಕ್ಕ ಸಾಲಾಗಿ ನಿಂತಿತು, ಒಡೆದದ್ದು ಮೂಲೆಯ ಗುಡ್ಡೆ ಸೇರಿತು. ಒಂದು ವರ್ಷ ಪಾಠ ಮಾಡಿದ ಕೋಣೆಯಲ್ಲಿ ಹೊತ್ತು ಏರುವುದರೊಳಗೆ ಆಕಾಶ ಕಾಣಿಸಿತು.

ಇಳಿಸುವವರಲ್ಲಿ ಹಿರಿಯರೊಬ್ಬರು ಒಂದು ಹಂಚನ್ನು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ ನನ್ನ ಕೈಗಿಟ್ಟರು. "ಅಕ್ಕೋರ, ಇದು ನಿಮ್ಮ ಕಡೀ ಹಂಚು. ಒಂದ್ ಒಯ್ಯರಿ, ನೆನಪಿಗೆ ಇರ್ಲಿ." ಮೇಲ್ಮೈಯ ಪಾಚಿ ಒಣಗಿ ಕಪ್ಪುಗಟ್ಟಿತ್ತು. ತಿರುವಿದರೆ ಜೇಡ ಕಟ್ಟಿದ ಬಿಳಿಯ ಗೂಡು, ಅದರ ಕೆಳಗೆ ಇಂಗ್ಲಿಷಿನ ಉಬ್ಬಕ್ಷರ: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ಅದು ಕಾರ್ಖಾನೆ ಹುಟ್ಟಿದ ಇಸವಿ. ಈ ಹಂಚನ್ನು ಸುಟ್ಟದ್ದು ಯಾವಾಗ, ಅಚ್ಚಿಗೆ ಮಣ್ಣು ಒತ್ತಿದ ಕೈ ಯಾರದು ಎಂಬುದು ಎಲ್ಲಿಯೂ ಬರೆದಿಲ್ಲ.

ನಾನು ಮಂಗಳೂರಿನ ಜೆಪ್ಪುವಿನವಳು. ಪ್ಲೆಬ್ಸ್ಟ್ ಎಂಬ ಮಿಶನರಿ ಈ ಕಾರ್ಖಾನೆ ತೆರೆದದ್ದು ಅಲ್ಲಿಯೇ. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿಮಣ್ಣು ಅಲ್ಲಿ ಹಂಚಾಗಿ ಊರೂರಿಗೆ ಹೋಯಿತು. ಕ್ರೈಸ್ತರಾದದ್ದಕ್ಕೆ ಕುಲದ ಕಸುಬನ್ನೂ ನೆಂಟಸ್ತನವನ್ನೂ ಕಳೆದುಕೊಂಡವರಿಗೆ ಒಂದು ದುಡಿಮೆ ಬೇಕಿತ್ತು. ಹಂಚು, ನೇಯ್ಗೆ, ಅಚ್ಚುಕೂಟ ಆ ದುಡಿಮೆಯಾದವು. ನನ್ನ ಮುತ್ತಜ್ಜ ಆ ಕಾರ್ಖಾನೆಯಲ್ಲಿ ಕೂಲಿಗಿದ್ದರು. ಮೊದಲ ಮಹಾಯುದ್ಧದಲ್ಲಿ ಮಿಶನ್ನಿನ ಆಸ್ತಿ ಬ್ರಿಟಿಷರ ವಶವಾಯಿತು, ಹೆಸರು ಬದಲಾಯಿತು, ಕೊನೆಗೆ ಕಾಂಕ್ರೀಟು ಬಂದು ಹಂಚಿನ ಕಾಲವೇ ಮುಗಿಯಿತು. ತುಳುವಿನಲ್ಲಿ ನಾವು ಇದನ್ನು ಓಡು ಎನ್ನುತ್ತೇವೆ. ಹಂಚು ಎಂಬ ಮಾತು ನನ್ನ ಬಾಯಿಗೆ ಸಲೀಸಾದದ್ದು ಧಾರವಾಡಕ್ಕೆ ಬಂದ ಮೇಲೆ.

ಬಂದದ್ದು ಜೂನಿನ ಮೊದಲ ವಾರ, ಅಂಕೋಲೆಯಿಂದ ಅರಬೈಲು ಘಟ್ಟ ಹತ್ತುವ ರಾತ್ರಿ ಬಸ್ಸಿನಲ್ಲಿ. ಕಲಘಟಗಿ ದಾರಿಯ ಒಂದು ಹಳ್ಳಿಯ ಸರ್ಕಾರಿ ಶಾಲೆ. ಕರಾವಳಿಯ ಮಳೆ ಅಬ್ಬರಿಸಿ ಸುರಿದು ನಿಲ್ಲುತ್ತದೆ, ಇಲ್ಲಿಯದು ದಿನವಿಡೀ ಜಿಟಿಜಿಟಿ ಎನ್ನುತ್ತದೆ. ಅದು ಕಿವಿ ತುಂಬುತ್ತದೆ, ಇದು ಎದೆ ತುಂಬುತ್ತದೆ. ಮಕ್ಕಳು ಆಡುವ ಅರ್ಧ ಮಾತು ನನಗೆ ತಿಳಿಯುತ್ತಿರಲಿಲ್ಲ, ನಾನು ಆಡಿದ ಪುಸ್ತಕದ ಕನ್ನಡ ಅವರಿಗೆ ತಿಳಿಯುತ್ತಿರಲಿಲ್ಲ. ಮೊದಲ ತಿಂಗಳು ಬಾಡಿಗೆ ಕೋಣೆಯಲ್ಲಿ ಎಷ್ಟೋ ಸಂಜೆ ಚೀಲ ಕಟ್ಟಿ, ಮತ್ತೆ ಬಿಚ್ಚಿದ್ದೇನೆ.

ಆಗ ಕೈ ಹಿಡಿದದ್ದು ಪ್ರಾರ್ಥನೆ. ನಂಬಿಕೆ ನನಗೆ ಸಮಾಧಾನ ಕೊಟ್ಟಿತು ಎಂದರೆ ಪೂರ್ತಿ ನಿಜವಲ್ಲ. ಅದು ನನಗೊಂದು ಹೊತ್ತು ಕೊಟ್ಟಿತು. ಅಲ್ಲಿ ಅಮ್ಮ ಬೆಳಿಗ್ಗೆ ಐದಕ್ಕೆ ಮೊಣಕಾಲೂರುತ್ತಾಳೆ, ಇಲ್ಲಿ ನಾನೂ ಊರುತ್ತಿದ್ದೆ. ನಡುವಿನ ಘಟ್ಟ ಆ ಹದಿನೈದು ನಿಮಿಷದ ಮಟ್ಟಿಗೆ ಇರುತ್ತಿರಲಿಲ್ಲ. ಹೆಚ್ಚಾಗಿ ಓದುತ್ತಿದ್ದದ್ದು ತೊಂಬತ್ತನೆಯ ಕೀರ್ತನೆ. ಸಾವಿನ ಮನೆಯಲ್ಲಿ ಕೇಳಿ ಕೇಳಿ ಬಾಯಿಗೆ ಬಂದದ್ದು. ಮನುಷ್ಯನ ಬಾಳನ್ನು ಬೆಳಿಗ್ಗೆ ಚಿಗುರಿ ಸಂಜೆ ಒಣಗುವ ಹುಲ್ಲಿಗೆ ಹೋಲಿಸುವ ಆ ಪ್ರಾರ್ಥನೆ, ಮುಗಿಯುವ ಹೊತ್ತಿಗೆ ಕೈಯ ಕೆಲಸ ಸ್ಥಿರವಾಗಿ ನಿಲ್ಲುವಂತೆ ಮಾಡು ಎಂದು ಬೇಡುತ್ತದೆ. ಈ ಎರಡು ಮಾತು ಒಂದೇ ಬಾಯಿಂದ ಹೇಗೆ ಬಂದವು? ಹುಲ್ಲು ಮಾಡಿದ ಕೆಲಸ ಹುಲ್ಲಿಗಿಂತ ಹೆಚ್ಚು ಕಾಲ ನಿಲ್ಲುವುದುಂಟೆ? ವರ್ಷವಿಡೀ ಈ ಪ್ರಶ್ನೆಯನ್ನು ಹೊತ್ತೇ ತರಗತಿಗೆ ಹೋದೆ.

ನನ್ನದು ನಲಿ-ಕಲಿ ತರಗತಿ. ಅಲ್ಲಿ ಅಕ್ಷರ ಅ ಆ ಇ ಈ ಎಂದು ಬರುವುದಿಲ್ಲ. ರ ಗ ಸ ದ ಅ ಎಂದು ಬರುತ್ತದೆ. ಐದೇ ಅಕ್ಷರ ಸಾಕು, ಸರ, ದರ, ಅರಸ, ಅಗಸ, ಗರಗಸ ಹುಟ್ಟಿಕೊಳ್ಳುತ್ತವೆ. ಒಬ್ಬ ಹುಡುಗಿ ಪಂಚಮಿ ಜೋಕಾಲಿ ಕಳೆದರೂ, ಸೀಗಿ ಹುಣ್ಣಿಮೆ ಕಳೆದರೂ ರ ದಾಟಲಿಲ್ಲ. ಕಾರ್ಡು ಹಿಡಿದು ಅಕ್ಷರ ನೋಡುವ ಬದಲು ನನ್ನ ತುಟಿ ನೋಡುತ್ತಿದ್ದಳು. ಎಳ್ಳ ಅಮವಾಸಿಯ ಮಾರನೆಯ ದಿನ, ಚರಗದ ಬುತ್ತಿಯಲ್ಲಿ ಉಳಿದ ಸಜ್ಜಿರೊಟ್ಟಿ ತಂದು ನನ್ನ ಮೇಜಿನ ಮೇಲಿಟ್ಟು, ಗೋಡೆಯ ಮೇಲಿನ ಪಟ್ಟಿಯತ್ತ ತಿರುಗಿ ತಾನಾಗಿಯೇ "ಗ, ರ, ಗ, ಸ" ಎಂದಳು. ಒಂದು ಕ್ಷಣ ಬಿಟ್ಟು, "ಗರಗಸಾ! ನಮ್ಮಪ್ಪನ ಹತ್ರ ಐತ್ರಿ ಅಕ್ಕೋರ" ಎಂದಳು. ಅವಳ ಅಪ್ಪ ಬಡಿಗರು. ಮನೆಯಲ್ಲಿದ್ದ ವಸ್ತು ಗೋಡೆಯ ಮೇಲೂ ಇದೆ ಎಂಬುದು ಅವಳಿಗೆ ಆಗ ತಿಳಿಯಿತು. ಆ ಮುಖವನ್ನು ನಾನು ಮರೆಯಲಾರೆ.

ಅವಳು ಮರೆಯುತ್ತಾಳೆ. ಇದನ್ನು ನೋವಿನಿಂದ ಹೇಳುತ್ತಿಲ್ಲ. ನನ್ನನ್ನೇ ಕೇಳಿಕೊಂಡು ಹೇಳುತ್ತಿದ್ದೇನೆ. ನನಗೆ ಅ ಕಲಿಸಿದವರ ಮುಖ ನೆನಪಿಲ್ಲ, ಅ ನೆನಪಿದೆ. ಓದು ಬಂದವರಿಗೆ ಓದು ಬಾರದಿದ್ದ ದಿನಗಳು ಕಾಣಿಸುವುದಿಲ್ಲ. ಹೊಳೆ ದಾಟಿದವರಿಗೆ ಅಂಬಿಗನ ಹೆಸರು ಬೇಕಾಗುವುದಿಲ್ಲ. ಕಲಿಸಿದ್ದು ಚೆನ್ನಾಗಿ ಬೇರೂರಿದಷ್ಟೂ ಕಲಿಸಿದ ಗಳಿಗೆ ಬೇಗ ಅಳಿಯುತ್ತದೆ. ಹಾಗಾದರೆ ನಾನು ಉಳಿಸಿಕೊಳ್ಳಬೇಕೆಂದು ಹಂಬಲಿಸುವುದು ಏನನ್ನು? ಅವಳ ಓದನ್ನೋ, ಅದರಲ್ಲಿ ನನ್ನ ಪಾಲನ್ನೋ?

ಧಾರವಾಡದಲ್ಲಿ ಕಿಟ್ಟೆಲ್ ಹೆಸರಿನ ಕಾಲೇಜುಗಳಿವೆ. ಅವುಗಳ ಮುಂದೆ ಹಾಯುವಾಗಲೆಲ್ಲ ನನಗೆ ನಿಘಂಟಿನ ಮುದುಕ ನೆನಪಾಗುವುದಿಲ್ಲ, 21 ವರ್ಷದ ಹುಡುಗ ನೆನಪಾಗುತ್ತಾನೆ. ಜರ್ಮನಿಯಿಂದ 1853ರಲ್ಲಿ ಹೊರಟು ಬಂದು, ಆರಂಭದ ಕಾಲವನ್ನು ಈ ಧಾರವಾಡದ ಮಳೆಯಲ್ಲಿ ಕಳೆದವನು. ಮೊದಲ ವರ್ಷ ಮುಗಿದಾಗ ಅವನ ಕೈಯಲ್ಲಿ ಏನಿತ್ತು? ಸುಮಾರು 70,000 ಪದಗಳ ಆ ಕೋಶ ಮಂಗಳೂರಿನ ಮಿಶನ್ ಅಚ್ಚುಕೂಟದಿಂದ ಹೊರಬಂದದ್ದು 1894ರಲ್ಲಿ, ನಾಲ್ಕು ದಶಕ ದಾಟಿದ ಮೇಲೆ. ಅದರ ಪುಟ ತಿರುವಿದರೆ ಇಂದು ಯಾರೂ ಆಡದ ಎಷ್ಟೋ ಮಾತುಗಳು ಸಿಗುತ್ತವೆ. ಮಾತು ಸತ್ತಿದೆ, ಅರ್ಥ ಉಳಿದಿದೆ. ಆ ಮಾತುಗಳನ್ನು ಅವನ ಕಿವಿಗೆ ಹಾಕಿದ ರೈತನಿಗೆ, ನೀರು ಸೇದುವ ಹೆಣ್ಣುಮಗಳಿಗೆ ಪುಟದಲ್ಲಿ ಹೆಸರಿಲ್ಲ. ಅವನು ಬಂದದ್ದು ಕಲಿಸಲು. ಕನ್ನಡ ನೆನಪಿಟ್ಟುಕೊಂಡದ್ದು ಅವನು ಕಲಿತದ್ದನ್ನು.

ನನ್ನ ವಿಷಯದಲ್ಲೂ ಹಾಗೇ ಆಗುತ್ತಿದೆಯೇನೋ. ಕಳೆದ ತಿಂಗಳು ಫೋನಿನಲ್ಲಿ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ರಾಗ ಬದಲಾಗಿದೆ ಮಗಾ" ಎಂದಳು. ತುಳು ಆಡುವಾಗಲೂ ಕೊನೆಯಲ್ಲಿ ಒಂದು "ರೀ" ಬಂದು ಕೂರುತ್ತದೆಯಂತೆ. ಏನನ್ನೋ ಕಳೆದುಕೊಂಡಿದ್ದೇನೆ, ಯಾವ ದಿನವೆಂದು ತಿಳಿಯದು.

ಶಾಲೆಯಲ್ಲಿ ದಾಖಲಾತಿ ರಜಿಸ್ಟರನ್ನು ಎಂದೂ ಎಸೆಯುವುದಿಲ್ಲ. ಮಗುವಿನ ಹೆಸರು, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ ಕಬ್ಬಿಣದ ಕಪಾಟಿನಲ್ಲಿ ಭದ್ರ. ಬೆರಳು ಸೋಕಿ ಸೋಕಿ ಅಂಚು ಸವೆದ ನಲಿ-ಕಲಿ ಕಾರ್ಡುಗಳನ್ನು ವರ್ಷದ ಕೊನೆಗೆ ರದ್ದಿಗೆ ಹಾಕುತ್ತೇವೆ. ಬಳಸದ್ದು ಉಳಿಯುತ್ತದೆ, ಬಳಸಿದ್ದು ಸವೆಯುತ್ತದೆ. ಇದರಲ್ಲಿ ತಪ್ಪು ಹುಡುಕುತ್ತಿಲ್ಲ, ಲೆಕ್ಕ ಇಡಲೇಬೇಕು. ಆದರೆ ಆ ಕಾರ್ಡುಗಳ ಕಟ್ಟು ಕಟ್ಟುವಾಗ ನನ್ನ ಕೈ ತಡೆಯಿತು. ಕನ್ನಡದಲ್ಲಿ ಮಾಡಿಗೆ ಹೊದಿಸುವುದೂ ಹಂಚು, ಇದ್ದದ್ದನ್ನು ಪಾಲು ಮಾಡಿ ಕೊಡು ಎನ್ನುವುದೂ ಹಂಚು. ಎರಡಕ್ಕೂ ಮೂಲ ಒಂದೇ ಎಂದು ಹೇಳುವಷ್ಟು ಪಂಡಿತಳು ನಾನಲ್ಲ. ಆ ಬೆಳಿಗ್ಗೆ ಕೈಯಿಂದ ಕೈಗೆ ಮಾಡು ಇಳಿಯುವುದನ್ನು ನೋಡುತ್ತ ಮಾತ್ರ ಅವು ಎರಡು ಮಾತೆಂದು ನನಗೆ ಅನ್ನಿಸಲಿಲ್ಲ.

ಕೈಯಲ್ಲಿದ್ದ ಹಂಚನ್ನು ಸಾಲಿನಲ್ಲಿ ಮರಳಿ ಇಟ್ಟೆ. "ಯಾಕ್ರೀ ಅಕ್ಕೋರ?" ಎಂದರು ಹಿರಿಯರು. ಯಾರದೋ ದನದ ಕೊಟ್ಟಿಗೆಗೆ ಹೊದಿಸಲು ಬೇಕಾಗುತ್ತದೆ ಎಂದೆ. "ಅದೂ ಖರೇನ" ಎಂದು ಅವರು ಏಣಿಯ ಕಡೆ ನಡೆದರು.

ಮಧ್ಯಾಹ್ನ ಕೆಲಸದವರು ಊಟಕ್ಕೆ ಕೂತಾಗ, ರಜೆಯಾದರೂ ಶಾಲೆ ಬಿಡಲೊಲ್ಲದ ನಾಲ್ಕಾರು ಮಕ್ಕಳು ಅಂಗಳಕ್ಕೆ ಬಂದರು. ಬಡಿಗರ ಹುಡುಗಿಯೂ ಇದ್ದಳು. ಗುಡ್ಡೆಯಿಂದ ಒಂದು ಹಂಚಿನ ಚೂರು ಆರಿಸಿಕೊಂಡು, ಕಂಬದಿಂದ ಗೇಟಿನ ತನಕ ಹಾಸಿದ ಫರಸಿಯ ಮೇಲೆ ಕುಂಟಾಬಿಲ್ಲೆಯ ಮನೆಗಳನ್ನು ಗೀಚಿದಳು. ಚೂರಿನಲ್ಲಿ ಇಂಗ್ಲಿಷಿನ ಒಂದೂವರೆ ಅಕ್ಷರ ಉಳಿದಿತ್ತು. ಮನೆಗಳಿಗೆ ಒಂದು, ಎರಡು ಎಂದು ಬರೆಯುತ್ತಾಳೆಂದುಕೊಂಡೆ. ಕೆಂಪು ಪುಡಿ ಉದುರಿಸುತ್ತ, ನಾಲಗೆ ಕಚ್ಚಿಕೊಂಡು, ರ ಬರೆದಳು. ಆಮೇಲೆ ಗ, ಸ, ದ. ಪಡುವಲ ಕಡೆ ಅಡ್ಡಮಳೆಯ ಮೋಡ ಕಟ್ಟುತ್ತಿತ್ತು. ಅ ಬರೆಯಲು ಒಂದು ಮನೆ ಬಾಕಿ ಇತ್ತು. ಅವಳು ಚೂರನ್ನು ಕೈ ಬದಲಿಸಿ, ಬಗ್ಗಿದಳು.