"ತಪ್ಪಾಯ್ತು" ಅಲ್ಲ, "ತಪ್ಪು ಮಾಡಿದೆ"

ಭಾನುವಾರದ ಆರಾಧನೆ, ಕರ್ತನ ಭೋಜನಕ್ಕೆ ಮುಂಚಿನ ಸಂದೇಶ. ಕುಸನೂರ, ಕಲಬುರಗಿ
ವಾಕ್ಯಭಾಗ: ಕೀರ್ತನೆ 32, ಮತ್ತಾಯ 5:23-24, 1 ಯೋಹಾನ 1:9

ಕೂಡ್ರಿ. ಹಿಂದಿನ ಸಾಲಿಗೆ ಫ್ಯಾನ್ ಗಾಳಿ ಬರ್ತಿಲ್ಲ ಅಂದ್ರೆ ಮುಂದೆ ಬರ್ರಿ. ಮುಂದಿನ ಸಾಲು ನಮ್ಮ ಸಭೆಯಲ್ಲಿ ಯಾವಾಗಲೂ ಖಾಲಿನೇ ಇರ್ತದ.

ಇವತ್ತು ತಿಂಗಳ ಮೊದಲ ಭಾನುವಾರ, ಕರ್ತನ ಮೇಜು ಸಿದ್ಧವಾಗಿದೆ. ರೊಟ್ಟಿಗೆ ಕೈ ಹಾಕುವ ಮುಂಚೆ ಒಂದು ಮಾತನ್ನು ನಿಮ್ಮ ಮುಂದೆ ಇಡಬೇಕು ಅಂತ ಎರಡು ತಿಂಗಳಿಂದ ಪವಿತ್ರಾತ್ಮನು ನನ್ನ ಹೃದಯದಲ್ಲಿ ಒತ್ತಿ ಒತ್ತಿ ಹೇಳುತ್ತಿದ್ದಾನೆ.

ಎರಡು ತಿಂಗಳ ಹಿಂದೆ ಒಬ್ಬ ಯೌವನಸ್ಥ ನನ್ನ ಹತ್ತಿರ ಬಂದ. ಅವನ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ. ಊರು, ರೊಕ್ಕದ ಲೆಕ್ಕ ಎರಡನ್ನೂ ಬದಲಿಸಿದ್ದೀನಿ, ಯಾರಿರಬಹುದು ಅಂತ ಪಕ್ಕದವರ ಮುಖ ನೋಡಬೇಡ್ರಿ. ಅವನ ಅಪ್ಪ ತೊಗರಿ ಮಾರಿ ಕೋಚಿಂಗ್ ಫೀಸಿಗೆ ಅಂತ 22,000 ಕಳಿಸಿದ್ದ. ಮಗ ಅದನ್ನು ಮೊಬೈಲ್‌ನಲ್ಲಿ ಕ್ರಿಕೆಟ್ ಬೆಟ್ಟಿಂಗ್‌ಗೆ ಹಾಕಿ ಆರು ದಿನದಲ್ಲಿ ಕಳೆದ. ಅಪ್ಪ ಫೋನ್ ಮಾಡಿದಾಗ "ಫೀಸ್ ಕಟ್ಟೀನಿ ಅಪ್ಪಾ" ಅಂದ. ಅಷ್ಟೇ ಅಲ್ಲ, ಯಾರದೋ ರಸೀದಿಯ ಫೋಟೋದಲ್ಲಿ ಹೆಸರು ತಿದ್ದಿ ಕಳಿಸಿದ. ಓದು ಬರದ ಆ ಅಪ್ಪ ಅದನ್ನು ಊರಾಗ ನಾಲ್ಕು ಮಂದಿಗೆ ತೋರಿಸಿ ಬಂದಿದ್ದಾನೆ.

ಈ ಹುಡುಗ ಸಭೆ ಬಿಟ್ಟವನಲ್ಲ. ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಬರ್ತಾನೆ, ಆರಾಧನೆಯಲ್ಲಿ ಕೈ ಎತ್ತಿ ಅಳ್ತಾನೆ. ಅವನ ಪ್ರಶ್ನೆ ಇದು: "ಪಾಸ್ಟರ್, ಮೂರು ಸಲ ಅತ್ತು ಕ್ಷಮೆ ಕೇಳೀನಿ. ದೇವರು ಕ್ಷಮಿಸ್ಯಾನೋ ಇಲ್ಲೋ? ಕ್ಷಮಿಸಿದ್ರೆ ಅಪ್ಪನ ಫೋನ್ ಬಂದಾಗ ನನ್ನ ಎದಿ ಯಾಕ ಹೊಡಕೊಳ್ತದ?"

ನೀನು ಏನಂತ ಪ್ರಾರ್ಥನೆ ಮಾಡಿದಿ, ಆ ಮಾತನ್ನೇ ಹೇಳು ಅಂದೆ. ಅವನು ಹೇಳಿದ: "ಕರ್ತನೇ, ತಿಳಿದೋ ತಿಳಿಯದೆಯೋ ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸು."

ನಗಬೇಡ್ರಿ. ನಾವೆಲ್ಲ ಮಾಡೋ ಪ್ರಾರ್ಥನೆ ಅದು. ಹಿರಿಯರೂ ಮಾಡ್ತೀವಿ, ಮೈಕ್ ಹಿಡಿದು ಮಾಡ್ತೀವಿ. ಆದರೆ ಆ ವಾಕ್ಯದ ಒಳಗೆ ಹೋಗಿ ನೋಡ್ರಿ. "ತಿಳಿಯದೆ" ಅಂತೆ! ಆರು ದಿನ ರಾತ್ರಿ ಎರಡರ ತನಕ ಎದ್ದು ಕೂತು ಮಾಡಿದ್ದು ತಿಳಿಯದೆ ಆಗ್ತದೇನು? "ತಪ್ಪಾಗಿದ್ದರೆ" ಅಂದ್ರೆ ಆಗದೆಯೂ ಇರಬಹುದು ಅಂತ ಅರ್ಥ. ಇನ್ನು "ತಪ್ಪಾಯ್ತು" ಅನ್ನೋ ಪದ. ಕನ್ನಡದಲ್ಲಿ ಇದು ಬಹಳ ಅನುಕೂಲದ ಪದ. ಮಳಿ ಆಯ್ತು, ತಡ ಆಯ್ತು, ತಪ್ಪಾಯ್ತು. ಮಾಡಿದವನು ಯಾರು? ಯಾರೂ ಇಲ್ಲ, ತಾನೇ ಆಗಿಬಿಟ್ಟಿತು! ಆ ಹುಡುಗ ಮೂರು ಸಲ ಅತ್ತದ್ದು ಖರೆ, ಕಣ್ಣೀರೂ ಖರೆ. ಆದರೆ "ನಾನು ನಮ್ಮಪ್ಪನ ರೊಕ್ಕ ಕದ್ದೆ, ಸುಳ್ಳು ರಸೀದಿ ಮಾಡಿದೆ" ಅಂತ ದೇವರ ಮುಂದೆ ಒಂದು ಸಲವೂ ಹೇಳಿರಲಿಲ್ಲ.

1 ಯೋಹಾನ 1:9 ನಿಮಗೆಲ್ಲ ಬಾಯಿಪಾಠ. ಅಲ್ಲಿ ಅರಿಕೆ ಮಾಡುವುದು ಅಂತ ಇರೋ ಮಾತಿಗೆ ಗ್ರೀಕ್ ಮೂಲದಲ್ಲಿ "ಹೊಮೊಲೊಗೆಯೋ" ಅನ್ನೋ ಪದ ಇದೆ. ಪದವನ್ನು ಬಿಡಿಸಿದರೆ "ಅದೇ ಮಾತು ಹೇಳುವುದು". ದೇವರು ಆ ಕೆಲಸಕ್ಕೆ ಏನು ಹೆಸರಿಟ್ಟಿದ್ದಾನೋ ಅದೇ ಹೆಸರನ್ನು ನಾನೂ ಇಡುವುದು. ಆತನು ಕಳವು ಅಂದದ್ದನ್ನು ನಾನು "ಅಡ್ಜಸ್ಟ್‌ಮೆಂಟ್" ಅನ್ನಬಾರದು. ಆತನು ವ್ಯಭಿಚಾರ ಅಂದದ್ದನ್ನು ನಾನು "ಟೈಮ್‌ಪಾಸ್" ಅನ್ನಬಾರದು.

ದಾವೀದನೂ ಮೊದಲು ಮುಚ್ಚಿಟ್ಟವನೇ. 32ನೇ ಕೀರ್ತನೆಯಲ್ಲಿ ತನ್ನ ಅನುಭವ ಹೇಳ್ತಾನೆ: ಬಾಯಿ ಮುಚ್ಚಿಕೊಂಡಿದ್ದಷ್ಟು ದಿನ ಎಲುಬುಗಳೇ ಸವೆದವು, ದೇವರ ಕೈ ಹಗಲೂ ರಾತ್ರಿ ಮೇಲೆ ಭಾರವಾಗಿತ್ತು, ಒಳಗಿನ ಸಾರವೆಲ್ಲ ಬೇಸಿಗೆಯ ಬರಕ್ಕೆ ಬತ್ತಿದ ಹಾಗೆ ಬತ್ತಿತು. ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಾಗಬಹುದು, ಕಲಬುರಗಿಯವರಿಗೆ ಬೇಕಿಲ್ಲ. ಮೇ ತಿಂಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಕುಸನೂರ ರಸ್ತೆಯಲ್ಲಿ ಬೈಕ್ ಮ್ಯಾಲ ಹೋದವರಿಗೆ ಬತ್ತುವುದು ಅಂದ್ರೇನು ಗೊತ್ತು. ಮುಚ್ಚಿಟ್ಟ ಪಾಪದ ಹವಾಮಾನ ಅದು. ಹಾಡು ಹಾಡ್ತೀವಿ, ನೆರಳಿಲ್ಲ. ಆದರೆ ಅದೇ ಕೀರ್ತನೆಯಲ್ಲಿ, ಅವನು ಅರಿಕೆ ಮಾಡ್ತೀನಿ ಅಂದುಕೊಂಡ ಕೂಡಲೇ ದೇವರು ಕ್ಷಮಿಸಿಬಿಟ್ಟ. ಕಂತು ಇಲ್ಲ, ಬಡ್ಡಿ ಇಲ್ಲ. ಯಾಕಂದ್ರೆ ಅದರ ಬೆಲೆಯನ್ನು ಶಿಲುಬೆಯಲ್ಲಿ ಬೇರೊಬ್ಬನು ಕೊಟ್ಟಿದ್ದಾನೆ. ಸ್ತೋತ್ರ!

ನಾವು ಪೆಂತೆಕೊಸ್ತಿನವರು ಬೆಂಕಿ ಬೀಳಲಿ, ಬೆಂಕಿ ಬೀಳಲಿ ಅಂತ ಹಾಡುವವರು. ನಮ್ಮ ದೇಶದಲ್ಲಿ ಆ ಬೆಂಕಿ ಮೊದಮೊದಲು ಬಿದ್ದ ಜಾಗಗಳಲ್ಲಿ ಒಂದರ ಕಥೆ ನಿಮಗೆ ಗೊತ್ತಿರಬೇಕು. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ಅಂದರೆ ನಮ್ಮ ಕರ್ನಾಟಕದಲ್ಲೇ. ಸಂಸ್ಕೃತದ ಮಹಾ ವಿದ್ವಾಂಸೆ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತಗೊಂಡರು. ಆದರೆ ಮುಂದೆ ತಮ್ಮ ಸಾಕ್ಷಿಯಲ್ಲಿ ಅವರೇ ಬರೆದರು: ದೀಕ್ಷಾಸ್ನಾನ ಆಗಿ ಎಂಟು ವರ್ಷದ ಮೇಲೆ ತಿಳೀತು, ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತನು ಇನ್ನೂ ಸಿಕ್ಕಿರಲಿಲ್ಲ ಅಂತ. ಅಷ್ಟು ದೊಡ್ಡ ಹೆಣ್ಣುಮಗಳು ಇದನ್ನು ಬಹಿರಂಗವಾಗಿ ಒಪ್ಪಿಕೊಂಡರು. ಎಂಟು ವರ್ಷದಿಂದ ಸಭೆಯಲ್ಲಿ ಗಿಟಾರ್ ಬಾರಿಸುವವರು ಇದನ್ನ ಸ್ವಲ್ಪ ಯೋಚನೆ ಮಾಡ್ರಿ.

ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಅವರ ಮುಕ್ತಿ ಮಿಷನ್. ಬರಗಾಲದಲ್ಲಿ ಬದುಕಿ ಉಳಿದ ಹುಡುಗಿಯರು, ಬಾಲವಿಧವೆಯರು ಅಲ್ಲಿದ್ದರು. 1905ರ ಜೂನ್ ಕೊನೆಗೆ ಅಲ್ಲಿ ಉಜ್ಜೀವನ ಶುರುವಾಯಿತು. ಅಮೆರಿಕದ ಅಜೂಸಾ ಬೀದಿಯ ಉಜ್ಜೀವನಕ್ಕೆ ಒಂದು ವರ್ಷ ಮುಂಚೆ. ಅಲ್ಲೇ ಇದ್ದ ಮಿನ್ನಿ ಅಬ್ರಾಮ್ಸ್ ಎಂಬ ಮಿಷನರಿ ಬರೆದಿಟ್ಟ ಪ್ರಕಾರ, ಒಬ್ಬ ಹುಡುಗಿಯ ಮೇಲೆ ಬೆಂಕಿ ಕಂಡು ಜೊತೆಗಿದ್ದವಳು ಬಕೆಟ್ ನೀರು ತರಲು ಓಡಿದಳು. ಬಂದು ನೋಡಿದರೆ ಸುಡುವ ಬೆಂಕಿ ಅಲ್ಲ. ನಾವು ಇಲ್ಲಿಗೆ ಕಥೆ ನಿಲ್ಲಿಸಿ ಹಲ್ಲೆಲೂಯ ಅಂತೀವಿ. ಆಮೇಲೆ ಏನಾಯ್ತು? ಹುಡುಗಿಯರು ತಮ್ಮ ತಮ್ಮ ಪಾಪ ಹೇಳಿಕೊಂಡು ಅಳತೊಡಗಿದರು. ಪಾಠ ನಿಂತವು. ಮುಂದೆ ಅಲ್ಲಿ ಅನ್ಯಭಾಷೆಗಳೂ ಕೇಳಿಬಂದವು, ಆದರೆ ಅಳು ಮತ್ತು ಅರಿಕೆ ಮೊದಲು. ನಮಗೆ ಅನ್ಯಭಾಷೆ ಬೇಕು, ಅರಿಕೆ ಬೇಡ. ಹಿಂಗ ಹೇಳಿದ್ದಕ್ಕೆ ಯಾರಿಗಾದರೂ ಬೇಸರ ಆಗಿದ್ರೆ ಆಗಲಿ.

ಇನ್ನೊಂದು ಸಂಗತಿ. ಇದೇ ರಮಾಬಾಯಿ 1912ರಲ್ಲಿ ನಮ್ಮ ಗುಲಬರ್ಗಾದಲ್ಲಿ ಒಂದು ಶಾಲೆ ತೆರೆಸಿದರು, ಮಗಳು ಮನೋರಮಾ ಅದನ್ನು ನಡೆಸಿದರು. ಹೆಣ್ಣುಮಕ್ಕಳು ತಮ್ಮ ಪಾಪ ಹೆಸರಿಟ್ಟು ಹೇಳಿ ಅತ್ತ ಆ ಮನೆಯ ಒಂದು ಕೊಂಬೆ ನಮ್ಮ ಊರಿನ ತನಕ ಚಾಚಿತ್ತು.

ಈಗ ಹುಡುಗನ ಎರಡನೇ ಪ್ರಶ್ನೆ. "ಸರಿ ಪಾಸ್ಟರ್, ಹೆಸರಿಟ್ಟು ಹೇಳಿದೆ, ದೇವರು ಕ್ಷಮಿಸಿದ. ಇನ್ನ ಅಪ್ಪಗ ಯಾಕ ಹೇಳಬೇಕು?"

ಇದಕ್ಕೆ ನಾನು ಪುಸ್ತಕದಿಂದ ಉತ್ತರ ಕೊಡಲಿಲ್ಲ, ನನ್ನದೇ ಹೇಳಿದೆ. ರಕ್ಷಣೆ ಹೊಂದುವ ಮುಂಚೆ ನಾನು ಒಂದು ದಾಲ್ ಮಿಲ್ಲಿನಲ್ಲಿ ತೂಕದ ಚೀಟಿ ಬರೀತಿದ್ದೆ. ರೈತರು ತಂದ ತೊಗರಿ ಚೀಲಕ್ಕೆ ಒಂದೊಂದು ಕಿಲೋ ಕಡಿಮೆ ಬರೆದು, ಉಳಿದದ್ದನ್ನು ಸಂಜೆ ಹೊರಗೆ ಮಾರಿಕೊಳ್ತಿದ್ದೆ. ಮಾಲೀಕರಿಗೆ ಗೊತ್ತಿರಲಿಲ್ಲ, ಅದು ನನ್ನದೇ ಬುದ್ಧಿ. ಕಮಲಾಪುರ ಕಡೆಯ ಒಬ್ಬ ರೈತ ಮೂವತ್ತು ಚೀಲ ತಂದಿದ್ದ. ಅವನಿಗೆ ಓದು ಬರದು. ಚೀಟಿ ನನ್ನ ಮುಂದೆ ಹಿಡಿದು "ಸರಿ ಅದ ಏನ್ರೀ ಸಾಹೇಬ್ರ?" ಅಂದ. "ಸರಿ ಅದ" ಅಂದೆ. ಆಮೇಲೆ ಯೇಸು ಸ್ವಾಮಿ ನನ್ನನ್ನು ರಕ್ಷಿಸಿದ, ದೀಕ್ಷಾಸ್ನಾನ ಆಯ್ತು, ಸೇವೆಗೂ ಬಂದೆ. ಆ ಪಾಪ ಕ್ಷಮಿಸಲ್ಪಟ್ಟಿದೆ ಅನ್ನೋದರಲ್ಲಿ ನನಗೆ ಸಂಶಯ ಇರಲಿಲ್ಲ, ಇವತ್ತೂ ಇಲ್ಲ. ಆದರೆ ಮತ್ತಾಯ 5ನೇ ಅಧ್ಯಾಯ ಓದುವಾಗೆಲ್ಲ ಆ ಚೀಟಿ ಕಣ್ಣ ಮುಂದೆ ಬರುತ್ತಿತ್ತು. ಕಾಣಿಕೆಯನ್ನು ಯಜ್ಞವೇದಿಯ ಹತ್ತಿರವೇ ಬಿಟ್ಟು, ಮೊದಲು ಹೋಗಿ ಸಹೋದರನ ಸಂಗಡ ಸಮಾಧಾನ ಮಾಡಿಕೋ ಅಂತ ಕರ್ತನು ಹೇಳ್ತಾನಲ್ಲ, ಅದು.

ಏಳು ವರ್ಷ ತಡ ಮಾಡಿ, ಒಂದು ದಿನ ಲೆಕ್ಕ ಹಾಕಿ ರೊಕ್ಕ ತಗೊಂಡು ಆ ಊರಿಗೆ ಹೋದೆ. ರೈತ ತೀರಿಹೋಗಿದ್ದ. ಅವನ ಹೆಂಡತಿ ನೀರು ಕೊಟ್ಟಳು. ಕೂತು ಎಲ್ಲ ಹೇಳಿದೆ. ಆಕಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದ್ದು ಇಷ್ಟು: "ಆ ವರ್ಷ ಅವರು ನನಗ ಹೊಡದಿದ್ರು. ಮನ್ಯಾಗ ತೂಗಿದ್ದಕ್ಕೂ ಅಲ್ಲಿ ಬಂದಿದ್ದಕ್ಕೂ ಹೊಂದ್ಲಿಲ್ಲ, ನೀನೇ ತೆಗದು ತವರಿಗೆ ಕಳಿಸೀದಿ ಅಂತ."

ನಾನು ಕದ್ದದ್ದು ಮೂವತ್ತು ಕಿಲೋ ತೊಗರಿ ಅಂದುಕೊಂಡಿದ್ದೆ ಪ್ರಿಯರೇ.

ಆಕಿ ರೊಕ್ಕ ಎಣಿಸಿ ತಗೊಂಡಳು. "ಕ್ಷಮಿಸೀನಿ" ಅನ್ನಲಿಲ್ಲ, ನಾನೂ ಹೇಳು ಅಂತ ಒತ್ತಾಯ ಮಾಡಲಿಲ್ಲ. ಮಗನನ್ನು ಕರೆದು, "ಇವರು ಹೇಳೋದು ಕೇಳು" ಅಂದಳು. ನಾನು ಮತ್ತೊಮ್ಮೆ ಮೊದಲಿಂದ, ಅವಳ ಮಗನ ಮುಂದೆ, ಅವನ ತಾಯಿ ಕದ್ದಿರಲಿಲ್ಲ, ನಾನು ಕದ್ದೆ ಅಂತ ಹೇಳಿದೆ. ಅದಕ್ಕೋಸ್ಕರವೇ ಕರ್ತನು ನನ್ನನ್ನು ಅಲ್ಲಿಗೆ ಕಳಿಸಿದ್ದ. ಏಳು ವರ್ಷ ಮುಂಚೆ ಹೋಗಿದ್ದರೆ ಕೇಳಬೇಕಾದವನು ಜೀವಂತ ಇದ್ದ.

ಒಂದನ್ನು ಸರಿಯಾಗಿ ಕೇಳಿಸಿಕೊಳ್ರಿ, ಇಲ್ಲಿ ಬಹಳ ಮಂದಿ ಎಡವುತ್ತಾರೆ. ರೊಕ್ಕ ಮರಳಿ ಕೊಟ್ಟದ್ದಕ್ಕೆ ನನಗೆ ಕ್ಷಮೆ ಸಿಗಲಿಲ್ಲ. ಲೂಕ 19ರಲ್ಲಿ ಜಕ್ಕಾಯನನ್ನು ನೋಡ್ರಿ. ಯೇಸು ಮೊದಲು ಮರದ ಕೆಳಗೆ ನಿಂತು ಹೆಸರು ಹಿಡಿದು ಕರೆದ, ನಿನ್ನ ಮನೆಯಲ್ಲೇ ಇಳಿದುಕೊಳ್ತೀನಿ ಅಂದ. ನಾಲ್ಕರಷ್ಟು ಹಿಂದಕ್ಕೆ ಕೊಡೋ ಮಾತು ಬಂದದ್ದು ಆಮೇಲೆ. ಕೊಟ್ಟರೆ ಬರ್ತೀನಿ ಅಂತ ಯೇಸು ಷರತ್ತು ಹಾಕಲಿಲ್ಲ.

ಎಲ್ಲವನ್ನೂ ಎಲ್ಲರ ಮುಂದೆ ಹೇಳಬೇಕು ಅಂತಲೂ ನಾನು ಹೇಳ್ತಿಲ್ಲ. ಒಬ್ಬ ಹುಡುಗಿಯ ಬಗ್ಗೆ ಮನಸ್ಸಿನಲ್ಲಿ ಕೆಟ್ಟದ್ದು ಯೋಚಿಸಿದ್ದರೆ, ಹೋಗಿ ಆಕೆಗೆ ಹೇಳಿ ಆಕೆಯ ನಿದ್ದೆ ಕೆಡಿಸಬೇಡ್ರಿ, ಅದು ದೇವರ ಹತ್ತಿರ ಮಾತಾಡೋದು. ರಾತ್ರಿ ಫೋನಿನಲ್ಲಿ ನೋಡಬಾರದ್ದನ್ನು ನೋಡಿ ಬೆಳಿಗ್ಗೆ ಹಿಸ್ಟರಿ ಡಿಲೀಟ್ ಮಾಡುವವರು, ನಂಬಿಕೆಯ ಒಬ್ಬ ಹಿರಿಯರಿಗೆ ಹೇಳ್ರಿ. ಒಬ್ಬರಿಗೊಬ್ಬರು ಅರಿಕೆ ಮಾಡಿ ಪ್ರಾರ್ಥಿಸಿರಿ ಅಂತ ಯಾಕೋಬ 5:16 ಹೇಳೋದು ಇದಕ್ಕೇ. ಇನ್ನು, ನಿಮಗೆ ಅನ್ಯಾಯ ಮಾಡಿದವರನ್ನು ಕ್ಷಮಿಸೋದು ಅಂದ್ರೆ ಹೊಡೆಯೋ ಮನೆಗೆ ತಿರುಗಿ ಹೋಗೋದು ಅಲ್ಲ ತಂಗೇರೇ. ಸೇಡನ್ನು ದೇವರ ಕೈಗೆ ಕೊಟ್ಟೂ ಪೊಲೀಸರಿಗೆ ದೂರು ಕೊಡಬಹುದು. ಇದಕ್ಕೆ ವಿರುದ್ಧವಾಗಿ ಯಾವ ಪಾಸ್ಟರ್ ಹೇಳಿದರೂ, ನಾನೇ ಹೇಳಿದರೂ, ಕೇಳಬೇಡ್ರಿ.

ಆ ಹುಡುಗ ಅವತ್ತೇ ನನ್ನ ಮನೆಯ ಮೆಟ್ಟಿಲ ಮೇಲೆ ಕೂತು ಅಪ್ಪಗ ಫೋನ್ ಮಾಡಿದ. "ಅಪ್ಪಾ, ಫೀಸ್ ಕಟ್ಟಿಲ್ಲ. ರೊಕ್ಕ ಆಟದಾಗ ಹಾಕೀನಿ. ರಸೀದಿ ಸುಳ್ಳು." ಆ ಕಡೆಯಿಂದ ಮಾತಿಲ್ಲ. ಹಿಂದೆ ಎತ್ತಿನ ಗಂಟೆ ಕೇಳಿಸ್ತಿತ್ತಂತೆ. ಆಮೇಲೆ ಫೋನ್ ಕಟ್. ಅಪ್ಪ ಇನ್ನೂ ಮಾತಾಡಿಲ್ಲ, ಅವ್ವ ಮಾತಾಡ್ತಾಳ. ಹುಡುಗ ಸಂಜೆ ಹೊತ್ತು ಡೆಲಿವರಿ ಕೆಲಸ ಹಿಡಿದಿದ್ದಾನೆ, ಮೊನ್ನೆ ಎರಡು ಸಾವಿರ ಕಳಿಸಿದ. ರಾತ್ರಿ ನಿದ್ದೆ ಬರ್ತದೇನಪ್ಪ ಅಂತ ಕೇಳಿದೆ. "ಬರ್ತದ ಪಾಸ್ಟರ್. ಅಪ್ಪನ ಸಿಟ್ಟು ಇನ್ನೂ ಅದ, ಆದ್ರ ಈಗ ಅದು ಖರೆ ನನ್ನ ಮ್ಯಾಲಿನ ಸಿಟ್ಟು" ಅಂದ.

ಈಗ ಕರ್ತನ ಮೇಜಿನ ಹೊತ್ತು. ಪ್ರತಿ ಸಲ ಆರಾಧನೆಗೆ ಮುಂಚೆ ಮೊಬೈಲ್ ಆಫ್ ಮಾಡ್ರಿ ಅಂತ ಹೇಳ್ತೀವಿ. ಇವತ್ತು ಆನ್ ಮಾಡ್ರಿ. ಇಲ್ಲೇ ಕೂತು ದೇವರ ಜೊತೆ ಮಾತಾಡಬೇಕಾದವರು ಕೂಡ್ರಿ, ಪಾಪಕ್ಕೆ ಅದರ ಹೆಸರು ಹಿಡಿದು ಮಾತಾಡ್ರಿ. ಯಾರಿಗೋ ಒಂದು ಫೋನ್ ಬಾಕಿ ಇದೆ ಅಂತ ಪವಿತ್ರಾತ್ಮನು ಯಾರಿಗೆ ತೋರಿಸುತ್ತಿದ್ದಾನೋ ಅವರು ಎದ್ದು ಹೊರಗೆ ಹೋಗ್ರಿ. ಎದ್ದವರನ್ನು ಯಾರೂ ತಿರುಗಿ ನೋಡಬಾರದು. ಗೇಟಿನ ಹತ್ತಿರ ಬೇವಿನ ಗಿಡದ ಕೆಳಗೆ ನೆಟ್‌ವರ್ಕ್ ಚಲೋ ಸಿಗ್ತದ. ಆ ಕಡೆಯವರು ಬೈದರೆ ಬೈಸಿಕೊಂಡು ಬರ್ರಿ, ಫೋನ್ ಎತ್ತದಿದ್ದರೆ ಸಂಜೆ ಮತ್ತೆ ಮಾಡ್ತೀನಿ ಅಂತ ಕರ್ತನಿಗೆ ಹೇಳಿ ಬರ್ರಿ. ರೊಟ್ಟಿಯನ್ನು ಈಗಲೇ ಮುರಿಯುವುದಿಲ್ಲ. ನೀವು ಒಳಗೆ ಬರೋ ತನಕ ಕಾಯ್ತೀವಿ.