ಯೋಧರ ಹೊಲದ ಬದು



ಕಳೆದ ಸೋಮವಾರ ಜತ್ತ ತಾಲ್ಲೂಕಿನ ಹಿರಿಯ ಮಾಜಿ ಸೈನಿಕರೊಬ್ಬರು ದರ್ಶನಕ್ಕೆ ಬಂದಿದ್ದರು. ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿ ತಯಾರಾಗಿ 1971ರ ಯುದ್ಧಕ್ಕೆ ಪೂರ್ವದ ಕಡೆ ಹೋದವರು. ಅವರ ಪಡೆ ಜಮಾಲಪುರದ ಬಳಿ ದಾರಿ ಕಟ್ಟಿ ಕುಳಿತಿತ್ತು. ಡಿಸೆಂಬರ್ 11ರ ಬೆಳಿಗ್ಗೆ ಅಲ್ಲಿಯ ವೈರಿಗಳು ಶರಣಾದರು. ಯುದ್ಧದ ಮಾತನ್ನು ಅವರು ಅಷ್ಟಕ್ಕೇ ಮುಗಿಸಿದರು. ನಾವು ಕೆದಕಿ ಕೇಳಿದರೂ ಹೇಳಲಿಲ್ಲ.

"ಅಪ್ಪಾರ, ಗುಂಡಿಗಿ ಅಂಜಿಲ್ರಿ. ಹಿಂಗಾರಿ ಜ್ವಾಳ ಕಾಯೋರ್ಯಾರು ಅಂತ ನಿದ್ದಿ ಹತ್ತತಿರಲಿಲ್ರಿ" ಎಂದರು.

ಮನೆಯಲ್ಲಿದ್ದವರು ಮುಪ್ಪಿನ ತಾಯಿ, ಹೆಂಡತಿ, ಕೈಗೂಸು. ಎತ್ತುಗಳಿದ್ದವು, ದುಡಿಯುವ ಗಂಡಾಳಿಲ್ಲ. ಓಣಿಯವರು ಸರದಿ ಹಾಕಿಕೊಂಡು ಅವರ ಹೊಲದ ಕೆಲಸ ಮಾಡಿದರು. ಕಿರಾಣಿ ಸಾವಕಾರರು ಮನಿಯಾರ್ಡರ್ ಬರುವತನಕ ಉದ್ರಿ ಕೊಟ್ಟರು, ಬಡ್ಡಿ ಹಿಡಿಯಲಿಲ್ಲ. ತಾಯಿ ಹೇಳಿದ್ದನ್ನು ಸಾಲಿ ಮಾಸ್ತರರು ಇನ್‌ಲ್ಯಾಂಡ್ ಪತ್ರದಲ್ಲಿ ಬರೆಯುತ್ತಿದ್ದರು. (ಕೊನೆಗೆ ತಮ್ಮದೂ ಎರಡು ಸಾಲು ಬುದ್ಧಿಮಾತು ಸೇರಿಸುತ್ತಿದ್ದರೆಂದು ನಕ್ಕರು.) ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು, ಮರುದಿನ ನಮ್ಮಲ್ಲಿ ಎಳ್ಳಮಾಸೆ. ಸೊಸೆಯನ್ನೂ ಕೂಸನ್ನೂ ಬಂಡಿಯಲ್ಲಿ ಕೂರಿಸಿಕೊಂಡು ಹೋಗಿ ನೆರೆಯವರೇ ಹೊಲದಲ್ಲಿ ಚರಗ ಚೆಲ್ಲಿ ಬಂದರೆಂದು ಮುಂದಿನ ಪತ್ರದಲ್ಲಿತ್ತು. ಅದನ್ನೋದಿ ಅತ್ತೆನೆಂದು ಹೇಳುವಾಗಲೂ ಅವರ ಕಣ್ಣು ತುಂಬಿದ್ದವು.

ಆ ಸುಗ್ಗಿಯಲ್ಲಿ ಮನೆಗೆ ಬಂದದ್ದು ಆರು ಚೀಲ ಜೋಳ. ಹೆಚ್ಚೇನಲ್ಲ. ಆದರೆ ಹಿಂದೆಯೇ 1972ರ ಬರ ಬಿತ್ತು. ಜನ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದು ಹೊಟ್ಟೆ ಹೊರೆದ ಕಾಲವದು. ನೆರೆಯವರು ಕೊಯ್ದು ಹಾಕಿದ ಆ ಜೋಳವೇ ಮೂರು ಜೀವ ಉಳಿಸಿತು.

ಬಸವಾದಿ ಶರಣರು ಹೇಳಿದ ದಾಸೋಹ ಪಂಕ್ತಿಯಲ್ಲಿ ಬಡಿಸುವುದಷ್ಟೇ ಅಲ್ಲ. ಮಠಕ್ಕೆ ಒಂದು ಚೀಲ ತಂದಿಟ್ಟು ಪಾವತಿ ಪಡೆಯುವುದು ಸುಲಭ. ತನ್ನ ಹೊಲದ ಹಸಿ ಆರುತ್ತಿರುವಾಗ ಎತ್ತು ಹೊಡೆದುಕೊಂಡು ಇನ್ನೊಬ್ಬರ ಹೊಲಕ್ಕೆ ಹೋಗುವುದು ಕಠಿಣ. ಇಂದಿಗೂ ನಮ್ಮ ಹಳ್ಳಿಗಳಿಂದ ಮಕ್ಕಳು ಸೈನ್ಯದಲ್ಲಿದ್ದಾರೆ. ಅವರ ಮನೆಯ ಬಾಗಿಲಿಗೆ ಹೋಗಿ ಏನು ಬೇಕೆಂದು ಕೇಳಿದವರು ಎಷ್ಟು ಮಂದಿ?

ಏಳುವ ಹೊತ್ತಿಗೆ ಅವರು ಇನ್ನೊಂದು ಮಾತು ಹೇಳಿದರು. ಯುದ್ಧ ಮುಗಿಸಿ ರಜೆಗೆ ಬಂದಾಗ ಹೊಲದ ಒಂದು ಬದು ನಾಲ್ಕು ಸಾಲು ಒಳಗೆ ಸರಿದಿತ್ತಂತೆ. ಚಿಂತೆ ಹಚ್ಚಿಕೊಂಡಾನೆಂದು ಮನೆಯವರು ಪತ್ರದಲ್ಲಿ ಬರೆಸಿರಲಿಲ್ಲ. "ಒತ್ತಿದವರೂ ಮಠಕ್ಕ ನಡಕೊಳ್ಳೋರ ಅದಾರ್ರಿ" ಎಂದರು. ಹೆಸರು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಬದು ಇನ್ನೂ ಹಾಗೆಯೇ ಇದೆ. ಬರುವ ಎಳ್ಳಮಾಸೆಗೆ ನಾವು ಅದೇ ಹೊಲಕ್ಕೆ ಹೋಗುವವರಿದ್ದೇವೆ. ಬದುವಿನಾಚೆಯ ಮನೆಯವರೂ ಬುತ್ತಿ ಕಟ್ಟಿಕೊಂಡು ಬರಬೇಕು.